ಮೊರಾಕ್ಕೊದ ಪುದೀನ ಚಹಾ: ಎಲೆ ಎಲ್ಲಿಯದು, ಸಕ್ಕರೆ ಏಕೆ ಅಷ್ಟು, ಅಷ್ಟೆತ್ತರದಿಂದ ಸುರಿಯುವುದೇಕೆ?

ಒಬ್ಬರು ಬೆಳ್ಳಿಬಣ್ಣದ ಪಾತ್ರೆಯೊಂದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ. ಕೆಳಗೆ ತಟ್ಟೆಯಲ್ಲಿ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕ ಗಾಜಿನ ಲೋಟ. ಪಾತ್ರೆಯ ಮೂತಿಯಿಂದ ಹೊರಟ ಹೊಂಬಣ್ಣದ ಧಾರೆ ದಾರದಂತೆ ಇಳಿದು, ಒಂದು ಹನಿಯೂ ಚೆಲ್ಲದೆ ಲೋಟ ಸೇರುತ್ತದೆ. ಮೇಲೆ ಬಿಳಿ ನೊರೆ ಕಟ್ಟುತ್ತದೆ.

2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಮೊರಾಕ್ಕೊ ತಂಡ ಸೆಮಿಫೈನಲ್ ತಲುಪಿತು. ಆಫ್ರಿಕಾದ ಯಾವ ತಂಡವೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಅಂದಿನಿಂದ ಆ ದೇಶದ ಬಗ್ಗೆ ನಮ್ಮಲ್ಲೂ ಕುತೂಹಲ ಹೆಚ್ಚಿದೆ. 2030ರ ವಿಶ್ವಕಪ್ ಅನ್ನು ಸ್ಪೇನ್ ಮತ್ತು ಪೋರ್ಚುಗಲ್ ಜೊತೆ ಸೇರಿ ಮೊರಾಕ್ಕೊ ನಡೆಸಲಿದೆ, ಹಾಗಾಗಿ ಈ ಚಹಾ ಸುರಿಯುವ ದೃಶ್ಯ ಮೊಬೈಲ್ ಪರದೆಯ ಮೇಲೆ ಇನ್ನೂ ಹೆಚ್ಚಾಗಿ ಕಾಣಿಸಿಕೊಳ್ಳಲಿದೆ. ಇತ್ತ ನಮ್ಮ ನಗರಗಳ ದೊಡ್ಡ ಅಂಗಡಿಗಳಲ್ಲಿ 'ಮೊರೊಕನ್ ಮಿಂಟ್' ಎಂದು ಬರೆದ ಚಹಾ ಪೊಟ್ಟಣಗಳೂ ಸಿಗುತ್ತಿವೆ. ಅದರೊಳಗಿನ ಚೀಲವನ್ನು ಬಿಸಿನೀರಿಗೆ ಅದ್ದಿ ಕುಡಿದವರಿಗೆ ಇದರಲ್ಲಿ ಅಂಥ ವಿಶೇಷವೇನಿದೆ ಎಂದು ಅನ್ನಿಸಿದರೆ ತಪ್ಪಿಲ್ಲ. ಮೊರಾಕ್ಕೊದ ಮನೆಗಳಲ್ಲಿ ಮಾಡುವ ಚಹಾದ ಹದ ಆ ಚೀಲದಲ್ಲಿ ಬರುವಂಥದ್ದಲ್ಲ. ಏಕೆ ಬರುವುದಿಲ್ಲ ಎಂಬುದನ್ನು ಬುಡದಿಂದ ನೋಡೋಣ.

ಹೆಸರಿನಲ್ಲೇ ಇದೆ ಹಡಗಿನ ದಾರಿ

ಮೊರಾಕ್ಕೊದಲ್ಲಿ ಇದನ್ನು 'ಅತಾಯ್' ಎನ್ನುತ್ತಾರೆ. ಪುದೀನಕ್ಕೆ ಅಲ್ಲಿನ ಹೆಸರು 'ನಅನಾ'. ಹಾಗಾಗಿ ಪುದೀನ ಹಾಕಿದ್ದು 'ಅತಾಯ್ ಬ್-ನಅನಾ'.

ಈ 'ಅತಾಯ್' ಎಂಬ ಪದವೇ ಒಂದು ಸುಳಿವು. ಚಹಾಕ್ಕೆ ಜಗತ್ತಿನಲ್ಲಿರುವ ಹೆಚ್ಚಿನ ಹೆಸರುಗಳು ಚೀನಾದ ಎರಡು ಉಚ್ಚಾರಗಳಿಂದ ಬಂದವು. 'ಚಾ' ಎಂಬುದು ಮುಖ್ಯವಾಗಿ ನೆಲದ ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿತು. ಪರ್ಷಿಯನ್ನರ 'ಚಾಯ್', ಅರಬ್ಬರ 'ಶಾಯ್' ಎಲ್ಲವೂ ಆ ಬಳಗದವು. ಚೀನಾದ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತ್ಯದ ಬಂದರುಗಳಲ್ಲಿ ಜನ 'ತೆ' ಎನ್ನುತ್ತಿದ್ದರು. ಅಲ್ಲಿಂದ ಸರಕು ತುಂಬಿಕೊಂಡ ಯುರೋಪಿನ ಹಡಗುಗಳು ಆ ಉಚ್ಚಾರವನ್ನೂ ಹೊತ್ತೊಯ್ದವು. ಇಂಗ್ಲಿಷಿನ 'ಟೀ' ಹುಟ್ಟಿದ್ದು ಹಾಗೆ. ಕನ್ನಡದಲ್ಲಿ ನಾವು ಚಹಾ ಎಂದೂ ಅನ್ನುತ್ತೇವೆ, ಟೀ ಎಂದೂ ಅನ್ನುತ್ತೇವೆ. ಎರಡು ದಾರಿಗಳೂ ನಮ್ಮ ಮನೆಯಲ್ಲಿ ಕೂಡಿವೆ.

ಈಜಿಪ್ಟಿನಿಂದ ಇರಾಕಿನವರೆಗೆ ಅರಬ್ಬಿ ಮಾತನಾಡುವವರು 'ಶಾಯ್' ಎನ್ನುವಾಗ, ಅರಬ್ಬಿಯನ್ನೇ ಆಡುವ ಮೊರಾಕ್ಕೊದವರು 'ತೆ' ಬಳಗದ 'ಅತಾಯ್' ಎನ್ನುತ್ತಾರೆ. ಅಂದರೆ ಚಹಾ ಅವರಿಗೆ ಒಂಟೆಯ ಬೆನ್ನೇರಿ ಪೂರ್ವದಿಂದ ಬಂದದ್ದಲ್ಲ. ಅಟ್ಲಾಂಟಿಕ್ ಕಡಲಿನ ಕಡೆಯಿಂದ, ಯುರೋಪಿನ ಹಡಗುಗಳಲ್ಲಿ ಬಂದದ್ದು.

ಲೋಟದೊಳಗೆ ಇರುವ ಮೂರು ವಸ್ತುಗಳು

ಚಹಾ ಎಲೆ, ಪುದೀನ, ಸಕ್ಕರೆ. ಹಾಲಿಲ್ಲ, ಶುಂಠಿ ಏಲಕ್ಕಿಗಳಿಲ್ಲ.

ಎಲೆ ಚೀನಾದ ಹಸಿರು ಚಹಾ. ಹಸಿರು ಚಹಾ ಎಂದರೆ ಬೇರೆ ಗಿಡವಲ್ಲ; ನಾವು ಹಾಲು ಹಾಕಿ ಕುದಿಸುವ ಕಪ್ಪು ಚಹಾವೂ ಅದೇ ಗಿಡದ್ದು. ವ್ಯತ್ಯಾಸ ಇರುವುದು ಕಿತ್ತ ಮೇಲೆ ಮಾಡುವ ಕೆಲಸದಲ್ಲಿ. ಬದನೆಕಾಯಿ ಹೆಚ್ಚಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಹೋಳುಗಳು ಕಪ್ಪಾಗುತ್ತವೆ. ಕಾಯಿಯೊಳಗಿನ ಒಂದು ಕಿಣ್ವ ಗಾಳಿಯೊಂದಿಗೆ ಸೇರಿ ಮಾಡುವ ಕೆಲಸ ಅದು. ಚಹಾ ಎಲೆಯನ್ನು ಹೊಸಕಿ ಬಿಟ್ಟರೆ ಅದರಲ್ಲೂ ಇದೇ ನಡೆದು ಎಲೆ ಕಪ್ಪಾಗುತ್ತದೆ, ರುಚಿ ಬದಲಾಗುತ್ತದೆ. ಕಿತ್ತ ಕೂಡಲೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಎಲೆ ಹಸಿರಾಗಿಯೇ ಉಳಿಯುತ್ತದೆ.

ಮೊರಾಕ್ಕೊದವರು ಕೊಳ್ಳುವ ಹಸಿರು ಚಹಾದಲ್ಲಿ ಎರಡು ಬಗೆ ಮುಖ್ಯ. ಒಂದು 'ಗನ್‌ಪೌಡರ್'. ಪ್ರತಿ ಎಲೆಯನ್ನೂ ಬಿಗಿಯಾಗಿ ಸುರುಳಿ ಸುತ್ತಿ ಕಾಳಿನಂತೆ ಮಾಡಿರುತ್ತಾರೆ. ನೋಡಲು ಹಳೆಯ ಕಾಲದ ಕೋವಿಮದ್ದಿನ ಹಾಗಿರುವುದರಿಂದ ಈ ಹೆಸರು. ಚೀನೀಯರು ಇದನ್ನು ಮುತ್ತಿನ ಚಹಾ ಎನ್ನುತ್ತಾರೆ. ಇನ್ನೊಂದು 'ಚುನ್ ಮೀ', ಹುಬ್ಬಿನಂತೆ ಬಾಗಿದ ಎಲೆ. ಹೆಸರಿನ ಅರ್ಥವೂ ಅಮೂಲ್ಯವಾದ ಹುಬ್ಬು ಎಂದೇ. ಇವು ಹೆಚ್ಚಾಗಿ ಬರುವುದು ಚೀನಾದ ಝೆಜಿಯಾಂಗ್ ಪ್ರಾಂತ್ಯದಿಂದ. ಚೀನಾದ ಹಸಿರು ಚಹಾ ಕೊಳ್ಳುವ ದೇಶಗಳ ಪೈಕಿ ಮೊರಾಕ್ಕೊ ಬಹುಕಾಲದಿಂದ ಮೊದಲ ಸ್ಥಾನದಲ್ಲಿದೆ. ಬಿಗಿಯಾಗಿ ಸುತ್ತಿದ ಎಲೆ ದೂರದ ಹಡಗು ಪ್ರಯಾಣದಲ್ಲಿ ಬೇಗ ಕೆಡುವುದಿಲ್ಲ, ಪುಡಿಯಾಗುವುದಿಲ್ಲ. ಅಷ್ಟು ದೂರದ ದೇಶಕ್ಕೆ ಈ ಬಗೆಯೇ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಪುದೀನ. ಇದು ನಾವು ಚಟ್ನಿಗೆ, ಪಲಾವಿಗೆ ಹಾಕುವ ಪುದೀನದ ಜಾತಿಯದೇ. ಚೂಯಿಂಗ್ ಗಮ್, ಕೆಮ್ಮಿನ ಗುಳಿಗೆಗಳಲ್ಲಿ ಬಾಯಿ ತಣ್ಣಗಾಗಿಸುವ ಮೆಂಥಾಲ್ ಇದರಲ್ಲಿ ತೀರಾ ಕಡಿಮೆ. ಇದರ ಕಂಪಿಗೆ ಕಾರಣ 'ಕಾರ್ವೋನ್' ಎಂಬ ಮತ್ತೊಂದು ವಸ್ತು. ಇದರಲ್ಲಿ ಒಂದು ಸೊಗಸಿದೆ, ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಸಬ್ಬಸಿಗೆ ಬೀಜದ ಕಂಪಿಗೆ ಕಾರಣವೂ ಕಾರ್ವೋನೇ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಲೆಕ್ಕವೂ ಅದೇ. ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಎಡಗಾಲಿನ ಚಪ್ಪಲಿ ಮತ್ತು ಬಲಗಾಲಿನ ಚಪ್ಪಲಿ ಇದ್ದಂತೆ. ನಮ್ಮ ಮೂಗು ಆ ಎಡ ಬಲವನ್ನು ಗುರುತಿಸಿ, ಒಂದನ್ನು ಪುದೀನ ಎನ್ನುತ್ತದೆ, ಇನ್ನೊಂದನ್ನು ಸಬ್ಬಸಿಗೆ ಎನ್ನುತ್ತದೆ.

ಮೊರಾಕ್ಕೊದಲ್ಲಿ ಮೆಕ್ನೆಸ್ ನಗರದ ಸುತ್ತಮುತ್ತಲಿನ ಪುದೀನಕ್ಕೆ ಹೆಸರಿದೆ. ನಮ್ಮಲ್ಲಿ ಮೈಸೂರು ವೀಳ್ಯದೆಲೆ ಎಂದು ಕೇಳಿ ಕೊಳ್ಳುವ ಹಾಗೆ ಅಲ್ಲಿ ಊರಿನ ಹೆಸರು ಹೇಳಿ ಪುದೀನ ಕೊಳ್ಳುತ್ತಾರೆ. ಚಳಿಗಾಲದಲ್ಲಿ ಪುದೀನದ ಬದಲು, ಅಥವಾ ಅದರ ಜೊತೆ, 'ಶೀಬಾ' ಎಂಬ ಬೂದುಹಸಿರು ಬಣ್ಣದ ಕಹಿ ಸೊಪ್ಪನ್ನು ಹಾಕುವುದೂ ಇದೆ.

ಮೂರನೆಯದು ಸಕ್ಕರೆ. ಅದನ್ನು ಅಚ್ಚಿನಲ್ಲಿ ಎರೆದು ಗಟ್ಟಿ ಮಾಡಿರುತ್ತಾರೆ. ಶಂಕುವಿನಂತೆ ಮೇಲೆ ಮೊನಚಾದ, ಸುಮಾರು 2 ಕಿಲೋ ತೂಗುವ ಬಿಳಿಯ ಗಟ್ಟಿ. ಅದಕ್ಕೆ ನೀಲಿ ಇಲ್ಲವೇ ನೇರಳೆ ಛಾಯೆಯ ಕಾಗದ ಸುತ್ತಿರುತ್ತದೆ. ಅದರ ಹೆಸರು 'ಕಾಲಬ್'. ಆ ಅರಬ್ಬಿ ಪದದ ಅರ್ಥವೇ ಅಚ್ಚು. ನಾವು ಬೆಲ್ಲದಚ್ಚು ಎನ್ನುತ್ತೇವೆ, ಅವರು ಸಕ್ಕರೆಯಚ್ಚು ಎನ್ನುತ್ತಾರೆ. ಬೇಕಾದಷ್ಟನ್ನು ಪುಟ್ಟ ಸುತ್ತಿಗೆಯಿಂದ ಒಡೆದು ಹಾಕುತ್ತಾರೆ. ಈಗ ಪುಡಿ ಸಕ್ಕರೆಯೂ ಚೌಕದ ತುಂಡುಗಳೂ ಬಳಕೆಯಲ್ಲಿವೆ. ಆದರೆ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಒಯ್ಯುವ ಉಡುಗೊರೆಗಳಲ್ಲಿ, ಸಾವಿನ ಮನೆಗೆ ಸಂತಾಪ ಹೇಳಲು ಹೋಗುವವರ ಕೈಯಲ್ಲಿ ಈಗಲೂ ಇರುವುದು ಅಚ್ಚಿನ ಸಕ್ಕರೆಯೇ.

ಚಹಾ ಮೊರಾಕ್ಕೊ ತಲುಪಿದ್ದು ಯಾವಾಗ?

ಸಾವಿರ ವರ್ಷದ ಸಂಪ್ರದಾಯವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಚಹಾ ಅಲ್ಲಿನ ಎಲ್ಲರ ಮನೆಯ ಪಾನೀಯವಾದದ್ದು 19ನೇ ಶತಮಾನದ ಎರಡನೆಯ ಅರ್ಧದಲ್ಲಿ.

ಅದಕ್ಕೆ ಮೊದಲು ಜನ ಪುದೀನ ಮತ್ತಿತರ ಸೊಪ್ಪುಗಳನ್ನು ಬಿಸಿನೀರಿನಲ್ಲಿ ಹಾಕಿ ಕಷಾಯದಂತೆ ಕುಡಿಯುತ್ತಿದ್ದರು. 1672ರಿಂದ 1727ರವರೆಗೆ ಆಳಿದ ಸುಲ್ತಾನ ಮೌಲಾಯ್ ಇಸ್ಮಾಯಿಲ್‌ನ ಆಸ್ಥಾನಕ್ಕೆ ಯುರೋಪಿನ ರಾಯಭಾರಿಗಳು ಚಹಾವನ್ನು ಉಡುಗೊರೆಯಾಗಿ ತಂದದ್ದುಂಟು. ಆಗ ಅದು ಅರಮನೆಯ ವಸ್ತು. ಮುಂದಿನ ನೂರು ವರ್ಷಗಳಲ್ಲಿ ಶ್ರೀಮಂತ ವರ್ತಕರ, ಅಧಿಕಾರಿಗಳ ಮನೆಗಳಿಗೆ ಇಳಿಯಿತು. ಬಡವರಿಗೆ ಅದು ಎಟುಕುತ್ತಿರಲಿಲ್ಲ.

ಬದಲಾವಣೆಗೆ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಕಾರಣ ಒಂದು ದೂರದ ಯುದ್ಧ. 1853ರಿಂದ 1856ರವರೆಗೆ ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕರು ಕ್ರಿಮಿಯಾದಲ್ಲಿ ಯುದ್ಧ ಮಾಡಿದರು. ಯುದ್ಧದಿಂದಾಗಿ ಬಾಲ್ಟಿಕ್ ಕಡಲಿನ ಕಡೆಯ ಮಾರುಕಟ್ಟೆ ಬ್ರಿಟಿಷ್ ವರ್ತಕರಿಗೆ ಮುಚ್ಚಿಹೋಯಿತು. ಕೈಯಲ್ಲಿ ಉಳಿದ ಚಹಾಕ್ಕೆ ಹೊಸ ಗಿರಾಕಿಗಳು ಬೇಕಾಗಿದ್ದರು. ಜಿಬ್ರಾಲ್ಟರಿನಲ್ಲಿ ಬ್ರಿಟಿಷರ ನೆಲೆಯಿತ್ತು; ಕಿರಿದಾದ ಜಲಸಂಧಿಯ ಆಚೆ ದಡದಲ್ಲಿಯೇ ಮೊರಾಕ್ಕೊದ ಟ್ಯಾಂಜಿಯರ್ ಬಂದರು. ಅಲ್ಲಿಯೂ, ದಕ್ಷಿಣದಲ್ಲಿ ಆಗ ಮೊಗಡೋರ್ ಎನ್ನುತ್ತಿದ್ದ ಇಂದಿನ ಎಸ್ಸೌಯಿರಾ ಬಂದರಿನಲ್ಲಿಯೂ ಚಹಾ ಬಂದು ಇಳಿಯಿತು. 1856ರಲ್ಲಿಯೇ ಬ್ರಿಟನ್ ಮತ್ತು ಮೊರಾಕ್ಕೊ ನಡುವೆ ಒಪ್ಪಂದವಾಗಿ ಆಮದು ಸುಂಕಕ್ಕೆ ಶೇ 10ರ ಮಿತಿ ಬಿತ್ತು. ಬೆಲೆ ಇಳಿಯಿತು. ಬಂದರಿನಿಂದ ಸಂತೆಗೆ, ಸಂತೆಯಿಂದ ಬೆಟ್ಟದ ಮೇಲಿನ ಹಳ್ಳಿಗೆ ಚಹಾ ಹತ್ತಿತು. ಜೊತೆಗೆ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಶುದ್ಧಗೊಳಿಸಿದ ಸಕ್ಕರೆಯ ಅಚ್ಚುಗಳು ಬಂದವು. ಮ್ಯಾಂಚೆಸ್ಟರ್‌ನಲ್ಲಿ ಮಾಡಿದ ಲೋಹದ ಚಹಾಪಾತ್ರೆಗಳೂ ಬಂದವು. ಇಂದು ಮೊರಾಕ್ಕೊದ ಗುರುತೇ ಆಗಿರುವ ಆ ಪಾತ್ರೆಯ ಆಕಾರದಲ್ಲಿ ಮ್ಯಾಂಚೆಸ್ಟರ್‌ನ ಕೈ ದೊಡ್ಡದು. ಅವುಗಳನ್ನು ಫೆಜ್ ನಗರದ ಕುಶಲಕರ್ಮಿಗಳು ಆಮೇಲೆ ತಮ್ಮದೇ ಕೆತ್ತನೆಯೊಂದಿಗೆ ಮಾಡತೊಡಗಿದರು.

ಎಲ್ಲರೂ ಇದನ್ನು ಸ್ವಾಗತಿಸಲಿಲ್ಲ. ಹೊರಗಿನ ವಸ್ತು ದೇಶದ ಹಣವನ್ನು ಹೀರುತ್ತದೆ, ಜನರನ್ನು ಚಟಕ್ಕೆ ಬೀಳಿಸುತ್ತದೆ ಎಂದು ಕೆಲವು ಧರ್ಮಪಂಡಿತರು ಚಹಾ ಮತ್ತು ಸಕ್ಕರೆಯನ್ನು ವಿರೋಧಿಸಿದರು. ಆ ವಿರೋಧ ಫಲಿಸಲಿಲ್ಲ. 1912ರಲ್ಲಿ ಫ್ರೆಂಚರ ಆಳ್ವಿಕೆ ಬರುವ ಹೊತ್ತಿಗೆ ಚಹಾ ಊಟದಷ್ಟೇ ಅಗತ್ಯವಾಗಿತ್ತು. 1956ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ದಶಕಗಳ ಕಾಲ ಸರ್ಕಾರಿ ಸಂಸ್ಥೆಯೇ ಚಹಾ ಆಮದು ಮಾಡಿಕೊಳ್ಳುತ್ತಿತ್ತು. ಸಕ್ಕರೆಗೆ ಸರ್ಕಾರ ಸಹಾಯಧನ ಕೊಡುತ್ತಾ ಬಂದಿದೆ.

ನಮ್ಮ ಕಾಫಿಯ ಹಾದಿಯೂ ಹೀಗೆಯೇ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯವನ್ನು ಚಿಕ್ಕಮಗಳೂರಿನ ಗಿರಿಶ್ರೇಣಿ ಹೆಸರಿನಲ್ಲೇ ಹೊತ್ತಿದೆ. ಆದರೂ ಫಿಲ್ಟರ್ ಕಾಫಿ ಹೊರಗಿನದೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ.

ಮಾಡುವ ಬಗೆ, ಹತ್ತಿರದಿಂದ

ಚಹಾಪಾತ್ರೆಗೆ 'ಬೆರ್ರಾದ್' ಎಂದು ಹೆಸರು. ಹೊಟ್ಟೆ ಉಬ್ಬಿದ, ಗಿಂಡಿಗಿರುವಂತೆ ಬಾಗಿದ ಉದ್ದ ಮೂತಿಯ, ಗೋಪುರದಂಥ ಮುಚ್ಚಳದ ಪಾತ್ರೆ. ಮೂತಿ ಹೊಟ್ಟೆಯನ್ನು ಸೇರುವಲ್ಲಿ ಒಳಗೆ ಸಣ್ಣ ತೂತುಗಳಿರುತ್ತವೆ; ಎಲೆ ಹೊರಗೆ ಬರದಂತೆ ಅವೇ ಸೋಸುತ್ತವೆ. ಲೋಟಗಳನ್ನು ಜೋಡಿಸಿಟ್ಟ ದುಂಡನೆಯ ಲೋಹದ ತಟ್ಟೆಗೆ 'ಸಿನಿಯಾ' ಎನ್ನುತ್ತಾರೆ.

ಮಾಡುವವರು ಪಾತ್ರೆಗೆ ಒಂದೆರಡು ಚಮಚ ಗನ್‌ಪೌಡರ್ ಚಹಾ ಹಾಕುತ್ತಾರೆ. ಒಣಗಿದ ಕಾಳುಗಳು ಲೋಹದ ತಳಕ್ಕೆ ಬಿದ್ದು ಸಾಸಿವೆ ಸುರಿದಂತೆ ಸದ್ದಾಗುತ್ತದೆ. ಅದರ ಮೇಲೆ ಒಂದು ಲೋಟದಷ್ಟು ಕುದಿಯುವ ನೀರು. ಕಲಕದೆ ಒಂದು ನಿಮಿಷ ಬಿಟ್ಟು, ಆ ಹೊಂಬಣ್ಣದ ನೀರನ್ನು ಒಂದು ಲೋಟಕ್ಕೆ ಬಸಿದು ಪಕ್ಕಕ್ಕೆ ಇಡುತ್ತಾರೆ. ಇದು ಚಹಾದ 'ರೂಹ್', ಅಂದರೆ ಜೀವ. ಫಿಲ್ಟರಿನಲ್ಲಿ ಇಳಿದ ಮೊದಲ ಗಟ್ಟಿ ಡಿಕಾಕ್ಷನ್ ಅನ್ನು ನಾವು ಬೇರೆ ಎತ್ತಿಡುವಂತೆ.

ಎರಡನೆಯ ಬಾರಿ ಮತ್ತೆ ಕುದಿಯುವ ನೀರು ಹಾಕುತ್ತಾರೆ. ಈ ಸಲ ಪಾತ್ರೆಯನ್ನು ಚೆನ್ನಾಗಿ ತಿರುವಿ ಅಲುಗಾಡಿಸುತ್ತಾರೆ. ಹೊರಬರುವ ನೀರು ಮಬ್ಬಾಗಿರುತ್ತದೆ. ಅದನ್ನು ಚೆಲ್ಲಿಬಿಡುತ್ತಾರೆ. ಅಕ್ಕಿ ತೊಳೆದ ನೀರನ್ನು ಚೆಲ್ಲಿದ ಹಾಗೆ, ಎಲೆಯ ಧೂಳೂ ಒಂದಷ್ಟು ಕಹಿಯೂ ಅದರೊಂದಿಗೆ ಹೋಗುತ್ತವೆ.

ಈ ತೊಳೆಯುವಿಕೆ ಏಕೆ ಬೇಕು? ಚೀನಾದಲ್ಲಿ ಹಸಿರು ಚಹಾಕ್ಕೆ ಸಾಮಾನ್ಯವಾಗಿ ಕುದಿಯುವ ನೀರನ್ನು ಹಾಕುವುದಿಲ್ಲ. ಸುಮಾರು 80 ಡಿಗ್ರಿಗೆ ಆರಿದ ನೀರು ಹಾಕುತ್ತಾರೆ. ನೀರು ಬಿಸಿಯಾದಷ್ಟೂ ಎಲೆಯ ಒಗರು ಹೆಚ್ಚು ಬಿಟ್ಟುಕೊಳ್ಳುತ್ತದೆ. ಮೊರಾಕ್ಕೊದಲ್ಲಾದರೋ ಚಹಾವನ್ನು ಒಲೆಯ ಮೇಲಿಟ್ಟು ಕುದಿಸುತ್ತಾರೆ. ಹಾಗಾಗಿ ಒಗರನ್ನು ಹದಕ್ಕೆ ತರಲು ಮೂರು ಉಪಾಯಗಳು ಒಟ್ಟಿಗೆ ಬೇಕಾಗುತ್ತವೆ: ಮೊದಲು ತೊಳೆಯುವುದು, ಆಮೇಲೆ ಪುದೀನ, ಕೊನೆಗೆ ಧಾರಾಳ ಸಕ್ಕರೆ. ಸಕ್ಕರೆ ಏಕೆ ಅಷ್ಟು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ, ದುಬಾರಿ ವಸ್ತುವಾಗಿದ್ದ ಸಕ್ಕರೆಯನ್ನು ಅತಿಥಿಗೆ ಕೈಬಿಚ್ಚಿ ಹಾಕುವುದರಲ್ಲಿದ್ದ ಮರ್ಯಾದೆ.

ಈಗ ಎತ್ತಿಟ್ಟ ಮೊದಲ ಲೋಟವನ್ನು ಪಾತ್ರೆಗೆ ಮರಳಿ ಸುರಿದು, ದಂಟುಸಹಿತ ಒಂದು ಹಿಡಿ ಪುದೀನ ತುರುಕಿ, ಅದರ ಮೇಲೆ ಸಕ್ಕರೆ ಗಟ್ಟಿ ಇಟ್ಟು, ಕುದಿನೀರು ತುಂಬುತ್ತಾರೆ. ಸಕ್ಕರೆಯ ಭಾರಕ್ಕೆ ಸೊಪ್ಪು ನೀರಿನೊಳಗೆ ಮುಳುಗಿರುತ್ತದೆ. ನೀರಿನ ಮೇಲೆ ತೇಲುವ ಪುದೀನ ಕಪ್ಪಾಗಿ ರುಚಿ ಕೆಡಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಸಣ್ಣ ಉರಿಯ ಮೇಲೆ ಕೆಲವು ನಿಮಿಷ ಇಟ್ಟು, ಕುದಿ ಬಂದ ಕೂಡಲೇ ಇಳಿಸುತ್ತಾರೆ.

ಚಮಚ ಹಾಕಿ ಕಲಕುವ ಪದ್ಧತಿ ಇಲ್ಲ. ಒಂದು ಲೋಟಕ್ಕೆ ಸುರಿದು ಅದನ್ನು ಪಾತ್ರೆಗೇ ಮರಳಿ ಹಾಕುತ್ತಾರೆ. ಹೀಗೆ ಮೂರು ನಾಲ್ಕು ಬಾರಿ. ತಳದ ಸಕ್ಕರೆ ಮೇಲಕ್ಕೆ, ಮೇಲಿನ ನೀರು ಕೆಳಕ್ಕೆ ಹೋಗಿ ಎಲ್ಲವೂ ಬೆರೆಯುತ್ತದೆ. ನಡುವೆ ಒಂದು ಗುಟುಕು ರುಚಿ ನೋಡುತ್ತಾರೆ. ಹದ ಬಂತೆನ್ನಿಸಿದ ಮೇಲೆಯೇ ಅತಿಥಿಯ ಲೋಟಕ್ಕೆ.

ಎತ್ತರದಿಂದ ಸುರಿಯುವುದೇಕೆ?

ತಮಾಷೆಗಾಗಿ ಅಲ್ಲ. ಡಬರದಿಂದ ಲೋಟಕ್ಕೆ, ಲೋಟದಿಂದ ಡಬರಕ್ಕೆ ಕಾಫಿಯನ್ನು ಎತ್ತಿ ಸುರಿಯುವುದನ್ನು ಕಂಡವರಿಗೆ ಉತ್ತರದ ಹೆಚ್ಚಿನ ಭಾಗ ಗೊತ್ತೇ ಇದೆ. ತೆಳ್ಳನೆಯ ಧಾರೆ ಗಾಳಿಯಲ್ಲಿ ಇಳಿಯುವಾಗ ಬಿಸಿ ಕಡಿಮೆಯಾಗುತ್ತದೆ. ಈ ಲೋಟಗಳಿಗೆ ಹಿಡಿಯಿಲ್ಲ, ಗಾಜು ತೆಳು. ಅಂಚನ್ನು ಬೆರಳುಗಳಲ್ಲಿ ಹಿಡಿದು ಕುಡಿಯಬೇಕು. ಸುರಿಯುವಾಗಲೇ ತುಸು ಆರಿದರೆ ಒಳ್ಳೆಯದು. ಧಾರೆ ಬೀಳುವ ರಭಸಕ್ಕೆ ಪುದೀನದ ಕಂಪು ಕೋಣೆಯ ತುಂಬ ಹರಡುತ್ತದೆ.

ಇನ್ನೊಂದು ಕಾರಣ ನೊರೆ. ಚಹಾ ಎಲೆಯಲ್ಲಿ 'ಸಪೋನಿನ್' ಎಂಬ ವಸ್ತುಗಳಿವೆ. ಅಂಟುವಾಳ ಕಾಯಿಯನ್ನು ನೀರಿನಲ್ಲಿ ಕದಡಿದರೆ ನೊರೆ ಬರುವುದೂ ಇದೇ ಗುಂಪಿನ ವಸ್ತುಗಳಿಂದ. ಎತ್ತರದಿಂದ ಬಿದ್ದ ಧಾರೆ ಗಾಳಿಯನ್ನು ಒಳಕ್ಕೆ ಎಳೆದುಕೊಂಡು ನೊರೆಯೆಬ್ಬಿಸುತ್ತದೆ. ಆ ನೊರೆಗೆ ಅಲ್ಲಿ 'ಕಶ್ಕೂಶಾ' ಎನ್ನುತ್ತಾರೆ. 'ರಝ್ಝಾ' ಎಂದರೆ ಪೇಟ ಎಂದೂ ಕರೆಯುತ್ತಾರೆ. ಲೋಟದ ತಲೆಗೆ ಪೇಟ ಕಟ್ಟಿದಂತೆ ನೊರೆ ನಿಂತರೆ ಚಹಾ ಸರಿಯಾಗಿ ಆಗಿದೆ ಎಂದು ಅರ್ಥ. ನೊರೆಯಿಲ್ಲದ ಚಹಾ ಕೊಟ್ಟರೆ ಮಾಡಿದವರಿಗೆ ಅವಸರವಿತ್ತು ಎಂದು ಅತಿಥಿಗೆ ಅನ್ನಿಸಬಹುದು.

ದಿನದ ಬದುಕಿನಲ್ಲಿ

ಬೆಳಗಿನ ತಿಂಡಿಗೆ ಚಹಾ. ಪದರಪದರವಾದ 'ಮ್ಸೆಮೆನ್' ರೊಟ್ಟಿ ಅಥವಾ ಬ್ರೆಡ್ಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಅದರ ಜೊತೆ ತಿನ್ನುತ್ತಾರೆ. ಮಧ್ಯಾಹ್ನದ ಊಟದ ನಂತರ ಮತ್ತೆ. ಸಂಜೆ ನೆರೆಹೊರೆಯವರು ಬಂದರೆ ಇನ್ನೊಮ್ಮೆ. ಗದ್ದೆಯಲ್ಲಿ ದುಡಿಯುವವರೂ ಒಂದಿಷ್ಟು ಕಟ್ಟಿಗೆ ಒಟ್ಟಿ ಕೆಟಲ್ ಇಡುತ್ತಾರೆ. ಬಡವರ ಮನೆಯಲ್ಲಿ 'ಖೋಬ್ಜ್ ವ ಅತಾಯ್', ಅಂದರೆ ರೊಟ್ಟಿ ಮತ್ತು ಚಹಾ, ಒಂದು ಹೊತ್ತಿನ ಊಟವೇ ಆಗುವುದುಂಟು. ಸಿಹಿ ಚಹಾ ಕೊಡುವ ಶಕ್ತಿಯ ಮೇಲೆಯೇ ದಿನ ದೂಡಿದ ತಲೆಮಾರುಗಳಿವೆ. ಮಾರ್ರಕೇಶ್, ಫೆಜ್‌ನಂಥ ಊರುಗಳ ಹಳೆಯ ಪೇಟೆಯಲ್ಲಿ ನೆಲಹಾಸು ಕೊಳ್ಳಲು ಹೋದರೆ, ಚೌಕಾಸಿಗೆ ಮೊದಲು ಅಂಗಡಿಯವರು ಚಹಾ ತರಿಸುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ವಾಡಿಕೆ ಇತ್ತು, ಕೆಲವೆಡೆ ಈಗಲೂ ಇದೆ. ಬಿಸಿಲಿನಲ್ಲಿ ಬಂದವರು ಯಾರು, ಏನು ಕೆಲಸ ಎಂದು ಕೇಳುವುದು ಆಮೇಲೆ. ಮೊರಾಕ್ಕೊದಲ್ಲಿ ಆ ಸ್ಥಾನ ಚಹಾದ್ದು. ಬೇಡ ಎನ್ನುವುದು ಒರಟುತನ ಎನಿಸುತ್ತದೆ. ಹೊಟ್ಟೆ ತುಂಬಿದ್ದರೂ ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಾರೆ. ದೊಡ್ಡ ಸಮಾರಂಭಗಳಲ್ಲಿ ಎಲ್ಲರ ಎದುರು ತಟ್ಟೆಯ ಮುಂದೆ ಕುಳಿತು ಚಹಾ ಮಾಡುವುದು ಸಾಂಪ್ರದಾಯಿಕವಾಗಿ ಮನೆಯ ಹಿರಿಯ ಗಂಡಸಿನ ಕೆಲಸ. ಬಂದವರಲ್ಲಿ ಗೌರವಸ್ಥರೊಬ್ಬರಿಗೆ ಆ ಜಾಗ ಬಿಟ್ಟುಕೊಡುವುದು ಅವರಿಗೆ ಸಲ್ಲಿಸುವ ಮರ್ಯಾದೆ. ದಿನನಿತ್ಯದ ಚಹಾವನ್ನು ಮಾಡುವವರು ಬಹುತೇಕ ಮನೆಗಳಲ್ಲಿ ಹೆಂಗಸರೇ. ಸಮಾರಂಭದ ಚಿತ್ರಗಳಲ್ಲಿ ಈ ಸಂಗತಿ ಕಾಣುವುದಿಲ್ಲವಾದ್ದರಿಂದ ಹೇಳಬೇಕಾಯಿತು.

ಮರುಭೂಮಿಯ ಮೂರು ಲೋಟ, ಮೂರು 'ಜ'

ದಕ್ಷಿಣಕ್ಕೆ ಇಳಿದು ಸಹಾರಾ ತಲುಪಿದಂತೆ ಪುದೀನ ಕಡಿಮೆಯಾಗುತ್ತದೆ, ಚಹಾ ಗಟ್ಟಿಯಾಗುತ್ತದೆ, ನೊರೆ ಹೆಚ್ಚುತ್ತದೆ. ಲೋಟದ ಅರ್ಧದಷ್ಟು ನೊರೆಯೇ ಇರುತ್ತದೆ. ಕೆಂಡದ ಮೇಲೆ ಪುಟ್ಟ ಪಾತ್ರೆಯಿಟ್ಟು ಅದೇ ಎಲೆಗೆ ಮತ್ತೆ ಮತ್ತೆ ನೀರು, ಸಕ್ಕರೆ ಹಾಕಿ ಮೂರು ಸುತ್ತು ಕೊಡುತ್ತಾರೆ. ಪ್ರತಿ ಸುತ್ತಿಗೂ ಎಲೆಯ ಸತ್ವ ಇಳಿಯುವುದರಿಂದ ಮೊದಲ ಲೋಟ ಕಹಿ, ಮೂರನೆಯದು ಸಿಹಿನೀರಿನಷ್ಟು ಹಗುರ. ಮೊದಲನೆಯದು ಬದುಕಿನಂತೆ ಕಹಿ, ಎರಡನೆಯದು ಪ್ರೀತಿಯಂತೆ ಸಿಹಿ, ಮೂರನೆಯದು ಸಾವಿನಂತೆ ಮೃದು ಎಂಬ ಮಾತು ಆ ಸೀಮೆಯಲ್ಲಿ ಹಲವು ಪಾಠಾಂತರಗಳಲ್ಲಿ ಚಾಲ್ತಿಯಲ್ಲಿದೆ.

ಅಲ್ಲಿನ ಹಸ್ಸಾನಿಯಾ ಅರಬ್ಬಿ ಆಡುವವರು ಒಳ್ಳೆಯ ಚಹಾಕ್ಕೆ ಮೂರು 'ಜ'ಗಳು ಬೇಕೆನ್ನುತ್ತಾರೆ. 'ಜಮರ್' ಎಂದರೆ ಕೆಂಡ. 'ಜಮಾಅ' ಎಂದರೆ ಕೂಟ, ಜೊತೆಗೆ ಕೂರುವ ಜನ. 'ಜರ್ರ್' ಎಂದರೆ ಎಳೆಯುವುದು, ಹೊತ್ತನ್ನು ನಿಧಾನವಾಗಿ ಎಳೆಯುವುದು. ಮೂರು ಸುತ್ತು ಮುಗಿಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಇಡೀ ಚಹಾ ಪದ್ಧತಿಯನ್ನು ವಿವರಿಸಲು ನನಗೆ ಇದಕ್ಕಿಂತ ಚಿಕ್ಕ ಮಾತು ಸಿಕ್ಕಿಲ್ಲ. ಮಾರಿಟೇನಿಯಾ, ಮಾಲಿ, ಸೆನೆಗಲ್ ದೇಶಗಳಲ್ಲಿಯೂ ಮೂರು ಸುತ್ತಿನ ಪದ್ಧತಿಯಿದೆ. ಸೆನೆಗಲ್‌ನಲ್ಲಿ ಇದನ್ನು 'ಅತ್ತಾಯ' ಎನ್ನುತ್ತಾರೆ. ಟ್ಯುನೀಷಿಯಾದಲ್ಲಿ ಪುದೀನ ಚಹಾದ ಮೇಲೆ ಪೈನ್ ಬೀಜಗಳನ್ನು ತೇಲಿಬಿಡುತ್ತಾರೆ.

ಬಿಸಿಲಿನ ನಾಡಿನಲ್ಲಿ ಇಷ್ಟು ಬಿಸಿ ಪಾನೀಯ ಏಕೆ ಎಂದು ಕೇಳಬಹುದು. ಬಿಸಿ ಕುಡಿದಾಗ ಬೆವರು ಹೆಚ್ಚುತ್ತದೆ, ಬೆವರು ಆರುವಾಗ ದೇಹದ ಬಿಸಿಯನ್ನು ಕೊಂಡೊಯ್ಯುತ್ತದೆ. ಒಣಗಾಳಿಯಲ್ಲಿ ಮಾತ್ರ ಇದು ನಡೆಯುತ್ತದೆ. ಸಹಾರಾದಲ್ಲಿ ಸರಿ; ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದೇ ಇಲ್ಲವಾದ್ದರಿಂದ ಆ ಲಾಭ ಸಿಗುವುದಿಲ್ಲ.

ಆರೋಗ್ಯದ ಬಗ್ಗೆ ಎರಡು ಮಾತು

ಚಹಾದಲ್ಲಿ ಒಗರು ಕೊಡುವ ವಸ್ತುಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುತ್ತವೆ. ಊಟದ ಜೊತೆಗೇ ಕುಡಿದರೆ ಇದು ಹೆಚ್ಚು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಕಡಿಮೆ. ರಕ್ತಹೀನತೆ ಇರುವವರು, ಗರ್ಭಿಣಿಯರು ಇದನ್ನು ಗಮನದಲ್ಲಿಡಬೇಕು. ಮೇಲೆ ಹೇಳಿದ ಶೀಬಾ ಸೊಪ್ಪಂತೂ ಗರ್ಭಿಣಿಯರಿಗೆ ಸಲ್ಲದು. ಇನ್ನು ಸಕ್ಕರೆ: ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಿಕ್ಕ ಚಮಚಕ್ಕಿಂತ ಹೆಚ್ಚು ಸಕ್ಕರೆ ಸೇರದಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಳೆಯ ಪದ್ಧತಿಯಲ್ಲಿ ಮಾಡಿದ ಮೂರು ನಾಲ್ಕು ಲೋಟದಲ್ಲೇ ಅದು ಮುಗಿದುಹೋಗಬಹುದು. ಮೊರಾಕ್ಕೊದಲ್ಲಿಯೂ ಮಧುಮೇಹ ಹೆಚ್ಚಿದಂತೆ, ಸಕ್ಕರೆಯನ್ನು ಬೇರೆಯಾಗಿ ತಟ್ಟೆಯಲ್ಲಿ ಇಟ್ಟು ಬೇಕಾದವರು ಹಾಕಿಕೊಳ್ಳಲಿ ಎನ್ನುವ ಮನೆಗಳಿವೆ.

ನಮ್ಮ ಅಡುಗೆಮನೆಯಲ್ಲಿ

ನಮ್ಮ ಸಂತೆಯ ಪುದೀನ ಇದಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಚಟ್ನಿಗೆ ಎಲೆ ಬಿಡಿಸುವಂತೆ ಬಿಡಿಸಬೇಡಿ, ದಂಟಿನಲ್ಲೂ ಕಂಪಿದೆ. ಗನ್‌ಪೌಡರ್ ಚಹಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಬಿಡಿಯಾಗಿ ಮಾರುವ ಯಾವುದೇ ಹಸಿರು ಚಹಾ ಎಲೆ ಸಾಕು. ಅರ್ಧ ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಎಲೆ, ಒಂದು ಹಿಡಿ ಪುದೀನ, ಸಕ್ಕರೆ ನಾಲ್ಕು ಚಮಚದಿಂದ ಶುರು ಮಾಡಿ. ಮನೆಯಲ್ಲಿ ಮೊದಲ ಸಲ ಮಾಡಿದಾಗ ನಾನು ತೊಳೆಯುವ ಹಂತವನ್ನು ಬಿಟ್ಟಿದ್ದೆ. ನೆಲ್ಲಿಕಾಯಿ ಕಚ್ಚಿದಂತೆ ನಾಲಿಗೆ ಒಗರಾಯಿತು. ಎರಡನೆಯ ಸಲ ತೊಳೆದೆ, ಮೊದಲ ಲೋಟವನ್ನು ಎತ್ತಿಟ್ಟು ಮರಳಿ ಹಾಕಿದೆ. ಅದೇ ಎಲೆ, ಅದೇ ಸೊಪ್ಪು, ರುಚಿ ಮಾತ್ರ ಬೇರೆಯೇ.

ಸ್ಟೀಲಿನ ಟೀ ಪಾತ್ರೆಗೆ ಮೂತಿ ಚೂಪಾಗಿದ್ದರೆ ಅದೇ ಸಾಕು. ಲೋಟವನ್ನು ತಟ್ಟೆಯೊಳಗಿಟ್ಟು, ಮೂತಿಯನ್ನು ಲೋಟದ ಅಂಚಿಗೆ ತಾಗುವಷ್ಟು ಹತ್ತಿರ ಹಿಡಿದು ಸುರಿಯಲು ಶುರು ಮಾಡಿ, ಧಾರೆ ಒಂದೇ ಸಮನೆ ಬೀಳತೊಡಗಿದ ಮೇಲೆ ಪಾತ್ರೆಯನ್ನು ಮೇಲಕ್ಕೆತ್ತುತ್ತಾ ಹೋಗಬೇಕು. ನಿಲ್ಲಿಸುವ ಮೊದಲು ಕೆಳಕ್ಕೆ ತರಬೇಕು. ಮೊದಲ ದಿನಗಳಲ್ಲಿ ಒಂದು ಗೇಣು, ಕೈ ಪಳಗಿದ ಮೇಲೆ ಒಂದು ಮೊಳ.